ಎಡಹುಬ್ಬು ಮೇಲಿದ್ದ ವರ್ಷ

ಒಂದು ವರ್ಷ ಎರಡು ತಿಂಗಳು ನಾನು ಯಾರ ಮಾತನ್ನೂ ನಂಬದ ಹೆಂಗಸಾಗಿದ್ದೆ. ಮೊದಮೊದಲು ಮನಸ್ಸಿನಲ್ಲಿ ಅಲ್ಲ, ಬರೀ ಮುಖದಲ್ಲಿ. ನನ್ನ ಎಡಹುಬ್ಬು ಬಲಹುಬ್ಬಿಗಿಂತ ಒಂದು ಜೋಳದ ಕಾಳಿನಷ್ಟು ಮೇಲಿತ್ತು. ಜೋಳದ ಕಾಳು ಎಂದರೆ ಅದೇನು ಮಹಾ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಕನ್ನಡಿ ಮುಂದೆ ನಿಂತು ಒಂದು ಹುಬ್ಬನ್ನು ಅಷ್ಟೇ ಎತ್ತಿ, ಹಾಗೇ ಇಟ್ಟುಕೊಂಡು ಗಂಡನಿಗೆ ಊಟಕ್ಕೆ ಬಡಿಸಿ ನೋಡಲಿ.

ನಮ್ಮದು ಗಜೇಂದ್ರಗಡದ ನೇಕಾರರ ಮನೆ. ನಡುಮನೆಯಲ್ಲೇ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಊಟಕ್ಕೆ ಏಳುವುದು. ನಾವು ನೇಯುವ ಸೀರೆಗೆ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆ ಕೊಂಡಿ ಹಾಕುವ ಕೆಲಸ ನನ್ನದು. ಒಂದು ಎಳೆ ತಪ್ಪಿದರೂ ನನ್ನ ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಓಣಿಯಲ್ಲಿ ನನ್ನ ಕಣ್ಣಿಗೆ ಇರುವಷ್ಟು ಒಳ್ಳೆಯ ಹೆಸರು ನನ್ನ ಬಾಯಿಗೆ ಇಲ್ಲ.

ಹುಬ್ಬು ನನಗೆ ಹುಟ್ಟಿನಿಂದಲೂ ತೆಳುವು. ನಲವತ್ತು ದಾಟಿದ ಮೇಲೆ ಇದ್ದದ್ದರಲ್ಲಿ ಅರ್ಧ ಉದುರಿತು. ದಿನಾ ಬೆಳಿಗ್ಗೆ ಪೆನ್ಸಿಲ್ಲಿನಿಂದ ಬರೆದುಕೊಂಡು ಮಗ್ಗಕ್ಕೆ ಕೂರುತ್ತಿದ್ದೆ. ಬೇಸಿಗೆಯಲ್ಲಿ ಒಂದು ದಿನ ಬೆವರಿನ ಜೊತೆ ನನ್ನ ಬಲಹುಬ್ಬು ಇಳಿದು ಬಂದು ಹಳದಿ ಸೀರೆಯ ಮೇಲೆ ಬಿತ್ತು. ತೊಳೆದರೆ ಹೋಗಲಿಲ್ಲ. ಯಜಮಾನರು ಅದನ್ನು ನೋಡಿ, "ಹುಬ್ಬ ಇಲ್ಲದಿದ್ರ ಸೀರಿ ನೇಯಾಕ ಬರಂಗಿಲ್ಲೇನು?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂತು.

ನನ್ನ ಗೆಳತಿಯ ಪಾರ್ಲರ್ ರೋಣದಲ್ಲಿತ್ತು. ಗೆಳತಿ ಎಂದರೆ ನಮ್ಮ ಓಣಿಯಲ್ಲೇ ಹುಟ್ಟಿದವಳು. ಒಂದೇ ಸಾಲೆ, ಒಂದೇ ಬೆಂಚು. ಒಬ್ಬರ ಬುತ್ತಿಯ ರೊಟ್ಟಿಯನ್ನು ಇನ್ನೊಬ್ಬರು ತಿಂದೇ ದೊಡ್ಡವರಾದೆವು. ಅವರ ಮನೆಯಲ್ಲೂ ಮಗ್ಗವಿತ್ತು. ಮದುವೆಯಾಗಿ ರೋಣಕ್ಕೆ ಹೋದಳು. ಈ ಹುಬ್ಬಿನ ಕಥೆಗೆ ಆರು ವರ್ಷ ಮೊದಲು ಅವಳ ಗಂಡ ಎದೆನೋವು ಬಂದು ಒಂದೇ ತಾಸಿನಲ್ಲಿ ತೀರಿಕೊಂಡರು. ವರ್ಷ ತುಂಬಿದ ಮೇಲೆ ಅವಳು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದು ಪಾರ್ಲರ್ ತೆರೆದಳು. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಅವಳು ಹುಬ್ಬು ತಿದ್ದುವುದನ್ನು ನೋಡಿದರೆ ನೇಕಾರರ ಮಗಳು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಮದುವಣಗಿತ್ತಿಯರ ಸಿಂಗಾರಕ್ಕೂ ಅವಳನ್ನು ಕರೆಯುತ್ತಿದ್ದರು. ಜಡೆ, ಕಾಡಿಗೆ, ಸೀರೆಯ ನಿರಿಗೆ ಎಲ್ಲವೂ ಅವಳದೇ. ಕೊನೆಗೆ ಕುಂಕುಮ ಇಡುವ ಹೊತ್ತಿಗೆ ಮಾತ್ರ ಅವಳು ಡಬ್ಬಿಯನ್ನು ಹುಡುಗಿಯ ತಾಯಿಯ ಕೈಗೆ ಕೊಟ್ಟು, ಪಿನ್ನು ಹುಡುಕುವವಳ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದಳು. ಗಂಡ ಸತ್ತವಳು ಇನ್ನೊಬ್ಬರಿಗೆ ಕುಂಕುಮ ಹಚ್ಚಬಾರದು ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಕಷ್ಟವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

ಅವಳು ಹುಬ್ಬಳ್ಳಿಗೆ ಹೋಗಿ ಹೊಸದೊಂದು ಕೆಲಸ ಕಲಿತು ಬಂದಳು. ಸಣ್ಣ ಸೂಜಿಯಿಂದ ಚರ್ಮದೊಳಗೆ ಬಣ್ಣ ಕೂರಿಸಿ ಹುಬ್ಬು ಬರೆಯುವುದು. ಹಚ್ಚೆಯಂಥದ್ದೇ, ಆದರೆ ಜನ್ಮಪೂರ್ತಿ ಇರುವುದಿಲ್ಲ. ಎರಡು ಮೂರು ವರ್ಷಕ್ಕೆ ಮಾಸುತ್ತದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಒಂದು ತಿಂಗಳಾದರೂ ಒಬ್ಬರೂ ಬರಲಿಲ್ಲ. ಫೋನಿನಲ್ಲಿ ಅವಳು, "ಮಂದಿ ಪಟ ನೋಡತಾರ, ಸೂಜಿ ನೋಡತಾರ, ಹಳೇ ನೂಲಿಂದನ ಮಾಡ ಅಂತಾರ," ಎಂದಳು.

"ನಾ ಬರ್ತೀನಿ ತಡಿ. ನಿನಗ ಬೋಣಿಗಿ ನಾನ ಮಾಡ್ತೀನಿ," ಅಂದೆ.

ಮೊದಲ ಗಿರಾಕಿ ಒಳ್ಳೆಯವಳಾದರೆ ಅಂಗಡಿ ನಡೆಯುತ್ತದೆ ಎಂಬ ಮಾತಿದೆ. ಒಳ್ಳೆಯವಳು ನಾನೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಹಿಂದಿನ ದಿನ ಬೆಳವಣಕಿಯಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದೆ. ಅಪ್ಪನ ಅಕ್ಕ, ಎಂಬತ್ತರ ಹತ್ತಿರದ ಮುತ್ತೈದೆ, ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸೋಣ ಎಂದರೆ, "ನೋಡೂದೆಲ್ಲಾ ನೋಡೇನಿ," ಅನ್ನುತ್ತಿದ್ದಳು. ಬೆಳಿಗ್ಗೆ ನಾನು ಹೊರಟಾಗ ಕೈಯಿಂದ ನನ್ನ ಹಣೆ ತಡವಿ, ನಾನು ಅಂಟಿಸಿಕೊಂಡಿದ್ದ ಟಿಕಳಿಯನ್ನು ಕಿತ್ತು ಬಾಗಿಲಿನ ಚೌಕಟ್ಟಿಗೆ ಹಚ್ಚಿದಳು. "ಇಂಥಾವು ನಮ್ಮ ಮನಿಯಾಗ ನಡಿಯಂಗಿಲ್ಲ," ಎಂದು ಬಟ್ಟಲಿನಿಂದ ಕುಂಕುಮ ತೆಗೆದು ಬೆರಳ ತುಂಬ ಹಚ್ಚಿದಳು. ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸುವ ಮನೆ ಅದಲ್ಲ. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಸ್ಸು ಹತ್ತಿದೆ. ಕನ್ನಡಿ ನೋಡಿಕೊಳ್ಳಲಿಲ್ಲ.

ರೋಣದಲ್ಲಿ ಗೆಳತಿ ನನ್ನನ್ನು ಎತ್ತರದ ಮಂಚದ ಮೇಲೆ ಮಲಗಿಸಿ ತಾನು ತಲೆಯ ಕಡೆ ಕುಳಿತಳು. ಹತ್ತಿಯನ್ನು ನೀರಿನಲ್ಲಿ ಅದ್ದಿ, "ಹಣಿ ಎಲ್ಲಾ ಸ್ವಚ್ಛ ಮಾಡಬೇಕಾಗತೈತಿ," ಅನ್ನುತ್ತ ಕುಂಕುಮದ ಕಡೆ ಕೈ ತಂದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಅದನ್ನ ಮುಟ್ಟಬ್ಯಾಡ," ಅಂದೆ.

ಕೈ ಅಲ್ಲೇ ನಿಂತಿತು. ಹತ್ತಿಯಿಂದ ಒಂದು ಹನಿ ನನ್ನ ಕಿವಿಯ ಹತ್ತಿರ ಬಿತ್ತು.

"ನಮ್ಮತ್ತಿ ಹಚ್ಯಾಳ. ಹಿರ್ಯಾರು ಹಚ್ಚಿದ್ದು ಒರಸಬಾರದು," ಎಂದು ಆಮೇಲೆ ಸೇರಿಸಿದೆ.

"ಆತು," ಅಂದಳು. ಕುಂಕುಮ ಬಿಟ್ಟು ಅದರ ಸುತ್ತಲೂ ಒರೆಸಿದಳು.

ಮುಖ ಅಳೆಯುವುದಕ್ಕೆ ಹುಬ್ಬಳ್ಳಿಯಲ್ಲಿ ಕಲಿಸಿದ್ದೂ ನೂಲೇ. ಬಣ್ಣ ಹಚ್ಚಿದ ನೂಲನ್ನು ಬಿಗಿಯಾಗಿ ಹಿಡಿದು ಮುಖಕ್ಕೆ ಒತ್ತಿದರೆ ಗೆರೆ ಮೂಡುತ್ತದೆ. ಮೊದಲು ಮೂಗಿನ ತುದಿಯಿಂದ ಹಣೆಯ ನಡುವಿಗೆ ಉದ್ದ ಗೆರೆ. ಆಮೇಲೆ ಅದಕ್ಕೆ ಸರಿಯಾಗಿ ಅಡ್ಡಗೆರೆ. ಆ ಅಡ್ಡಗೆರೆಯ ಮೇಲೆ ಎರಡೂ ಹುಬ್ಬು. ಅವಳು ನೂಲನ್ನು ಮೂಗಿನ ತುದಿಯಿಂದ ಕುಂಕುಮದ ನಡುವಿಗೆ ಹಿಡಿದಳು. ಬರೆದಾದ ಮೇಲೆ ಕನ್ನಡಿ ಕೊಟ್ಟು, "ನೋಡು, ಸೂಜಿ ಹಚ್ಚೂಕಿಂತ ಮೊದಲ ಸರಿಯಾಗಿ ನೋಡು," ಅಂದಳು. ಚಶ್ಮಾ ತೆಗೆದು ಕಿಟಕಿಯ ಮೇಲೆ ಇಟ್ಟಿದ್ದೆ. ಅದನ್ನು ಕೇಳಿದರೆ ನನಗೆ ವಯಸ್ಸಾಯಿತು ಅಂದುಕೊಂಡಾಳು ಎಂದು ಕೇಳಲಿಲ್ಲ. ಒಂದು ಎಳೆ ತಪ್ಪಿದರೆ ಮನೆಯನ್ನೇ ತಲೆ ಮೇಲೆ ಮಾಡುವವಳು, ಕನ್ನಡಿಯಲ್ಲಿ ಕಂಡ ಮಸುಕು ಮಸುಕಾದ ಹೆಂಗಸನ್ನು ನೋಡಿ, "ಭಾಳ ಚಲೋ ಐತಿ, ಹಾಕು," ಅಂದೆ.

ಒಂದು ವಾರ ಹುಬ್ಬಿನ ಮೇಲೆ ಹಕ್ಕಳೆ ಇತ್ತು, ಬಾವು ಇತ್ತು. ಹತ್ತನೆಯ ದಿನ ಎಲ್ಲ ಉದುರಿ ಹುಬ್ಬು ಹೊರಗೆ ಬಂದವು. ಆ ಹೊತ್ತಿಗೆ ನಾನು ಮಗ್ಗದ ಹತ್ತಿರ ಚಹಾ ಒಯ್ದಿದ್ದೆ. ಯಜಮಾನರು ತಲೆ ಎತ್ತಿ ನನ್ನ ಮುಖ ನೋಡಿ ಲಾಳಿ ನಿಲ್ಲಿಸಿದರು.

"ಯಾಕ? ನಾ ಏನ ಮಾಡೀನಿ?" ಅಂದರು.

ನಾನು ಏನೂ ಅಂದಿರಲಿಲ್ಲ. ಒಳಗೆ ಹೋಗಿ ಚಶ್ಮಾ ಹಾಕಿಕೊಂಡು ಕನ್ನಡಿ ನೋಡಿದೆ. ಕನ್ನಡಿಯಲ್ಲಿದ್ದವಳು ನನ್ನನ್ನೇ ನಂಬುವ ಹಾಗೆ ಕಾಣಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ಅಳುವಾಗಲೂ ಎಡಹುಬ್ಬು ಮೇಲೇ ಇತ್ತು.

ಮರುದಿನ ಮೊದಲ ಬಸ್ಸಿಗೆ ರೋಣಕ್ಕೆ ಹೋದೆ. ಪಾರ್ಲರಿನಲ್ಲಿ ನಾಲ್ಕು ಹೆಂಗಸರು ಕುಳಿತಿದ್ದರು. ನಾನು ಜೋರು ಮಾಡಲಿಲ್ಲ; ಜೋರು ಮಾಡಿದ್ದರೆ ಜನ ಜಗಳ ಅಂದುಕೊಂಡು ಮರೆಯುತ್ತಿದ್ದರು. ಮುಖಕ್ಕೆ ಎಳೆದುಕೊಂಡಿದ್ದ ಸೆರಗು ಸರಿಸಿ ನಾಲ್ವರಿಗೂ ಮುಖ ತೋರಿಸಿದೆ. "ನೋಡ್ರಿ ಅಕ್ಕಾರ, ಇದು ಇಕಿ ಕೈಯಾಗಿನ ಕೆಲಸ. ನಿಮ್ಮ ಮುಖಾ ನಿಮಗ ಬೇಕಾಗಿದ್ರ ಇಕಿ ಕೈಗೆ ಕೊಡಬ್ಯಾಡ್ರಿ," ಅಂದೆ. ಗೆಳತಿ ನೂಲು ಹಿಡಿದುಕೊಂಡೇ ನಿಂತಿದ್ದಳು. ನಾಲ್ವರಲ್ಲಿ ಇಬ್ಬರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಒಬ್ಬಳ ಒಂದೇ ಹುಬ್ಬು ತಿದ್ದಿ ಆಗಿತ್ತು. ಅವಳು ಮಾತ್ರ ಹೋಗುವ ಹಾಗಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ರೋಣದಿಂದ ಗಜೇಂದ್ರಗಡಕ್ಕೆ ನನಗಿಂತ ಮೊದಲೇ ಬಂದು ಮುಟ್ಟಿತ್ತು. ತಿಂಗಳೊಳಗೆ ನರಗುಂದದ ಸಂತೆಯಲ್ಲಿ ಬಳೆಗಾರ್ತಿಯೊಬ್ಬಳು ನನಗೇ ಆ ಕಥೆ ಹೇಳಿದಳು. ಅದರಲ್ಲಿ ಹೆಂಗಸಿನ ಕಣ್ಣೇ ಹೋಗಿತ್ತು. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ, "ಖರೇನ ಹೇಳಾಕತ್ತೀನ್ರಿ," ಎಂದಳು.

ಎಲ್ಲರೂ ಹಾಗೇ ಮಾಡುತ್ತಿದ್ದರು. ಸೀರೆ ಒಯ್ಯುವ ವ್ಯಾಪಾರಿ ನನ್ನ ಎದುರು ಲೆಕ್ಕ ಹೇಳಿ, ತಾನೇ ತಡವರಿಸಿ, ಮತ್ತೊಮ್ಮೆ ಕೂಡಿಸಿ ಹೇಳುತ್ತಿದ್ದ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಖರೇನೇ ಇಲ್ಲ ಎಂದು ಚೀಲ ತೆರೆದು ತೋರಿಸಿದ. ಲಕ್ಕಲಕಟ್ಟಿಯಲ್ಲಿ ಬಳಗದವರೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋದೆ. ಸತ್ತವರ ಮಗ ನನ್ನ ಮುಖ ನೋಡಿ, ಅಪ್ಪನಿಗೆ ಯಾವಾಗ ಜ್ವರ ಬಂತು, ಯಾವ ದವಾಖಾನಿಗೆ ಒಯ್ದರು, ಡಾಕ್ಟರು ಏನೆಂದರು ಎಲ್ಲವನ್ನೂ ತಾಸುಗಟ್ಟಲೆ ಹೇಳಿ, ಕೊನೆಗೆ ಚೀಟಿ ತಂದು ತೋರಿಸಿದ. ನನಗೂ ಅಳು ಬಂದಿತ್ತು, ಆದರೆ ಆ ಮುಖದಲ್ಲಿ ಅದು ಯಾರಿಗೂ ಕಾಣಲಿಲ್ಲ.

ಮನೆಯಲ್ಲಿ ಯಜಮಾನರು ಕೇಳದೇ ಹೇಳುವ ಅಭ್ಯಾಸ ಹಚ್ಚಿಕೊಂಡರು. "ನೂಲ ತರಾಕ ಹೋಗಿದ್ದೆ. ಅಲ್ಲೇ ಒಂದು ಚಾ ಕುಡದೆ. ಬ್ಯಾರೆ ಎಲ್ಲೂ ಹೋಗಿಲ್ಲ." ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಆ ಮನುಷ್ಯ ಇಷ್ಟು ಮಾತಾಡಿದ್ದು ಅದೇ ಮೊದಲು.

ಇದನ್ನೆಲ್ಲ ಈಗ ನಗುತ್ತ ಹೇಳುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಎರಡು ಮದುವೆ, ಒಂದು ತೊಟ್ಟಿಲ ಕಾರ್ಯ ತಪ್ಪಿಸಿದೆ. ಮನೆಯೊಳಗೂ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಓಡಾಡಿದೆ. ದಪ್ಪ ಕಟ್ಟಿನ ಚಶ್ಮಾ ಮಾಡಿಸಿದೆ. ಅದು ಬಲಹುಬ್ಬನ್ನು ಮುಚ್ಚಿ ಎಡಹುಬ್ಬನ್ನು ಬಿಟ್ಟಿತು. ಮುಖದ ಸಂಶಯ ಮೆಲ್ಲಗೆ ಒಳಗೂ ಇಳಿಯಿತು. ಹಲ್ಲುನೋವು ಬಂದರೆ ಡಾಕ್ಟರ ಕೈಗೆ ಬಾಯಿ ಕೊಡಲು ಹೆದರಿ ಲವಂಗ ಕಚ್ಚಿಕೊಂಡು ಇಪ್ಪತ್ತು ದಿನ ಕಳೆದೆ. ದರ್ಜಿಗೆ ಜಂಪರು ಹೊಲಿಯಲು ಕೊಟ್ಟವಳು ಮರುದಿನವೇ ಹೋಗಿ ಬಟ್ಟೆ ವಾಪಸು ತಂದೆ. ಅಷ್ಟು ಬಲ್ಲ ಗೆಳತಿಯೇ ನನಗೆ ಹೀಗೆ ಮಾಡಿದಳೆಂದರೆ ಉಳಿದವರ ಗತಿ ಏನು ಎಂದು ಲೆಕ್ಕ ಹಾಕಿದ್ದೆ.

ನರಗುಂದದಲ್ಲಿ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಾರೆಂದು ತಿಳಿದು ಅಲ್ಲಿಗೂ ಹೋದೆ. ಅವರು ದೀಪ ಹಚ್ಚಿ ನೋಡಿ, ಈಗಲೇ ಲೇಸರ್ ಮಾಡಿದರೆ ಕಲೆ ಉಳಿಯಬಹುದು, ಒಂದು ವರ್ಷ ಬಿಟ್ಟರೆ ಬಣ್ಣ ತಾನೇ ಮಾಸುತ್ತದೆ, ಆಮೇಲೆ ಹುಬ್ಬು ಬರೆದವರೇ ತಿದ್ದಬಹುದು ಎಂದರು. ನಾನು ಸುಮ್ಮನೆ ಕೇಳುತ್ತಿದ್ದೆ. ಅವರು ನನ್ನ ಮುಖ ನೋಡಿ ಅದನ್ನೇ ಮತ್ತೊಂದು ಸಲ ಹೇಳಿದರು. ಮೂರನೆಯ ಸಲ ಪುಸ್ತಕ ತೆಗೆದರು.

"ನಂಬೇನ್ರಿ ಡಾಕ್ಟರ, ಮುಖಾನ ಹಂಗೈತಿ," ಅಂದೆ.

"ವರ್ಷಕ್ಕಿಂತ ಲಗೂ ಆಗಬೇಕಂದ್ರ ಬಲಗಡಿದನ್ನೂ ಅಷ್ಟ ಎತ್ತರಕ್ಕ ಬರಸ್ರಿ. ಸಂಶಯ ಹೋಗಿ ಗಾಬರಿ ಬರತೈತಿ," ಎಂದು ಡಾಕ್ಟರು ಚೀಟಿ ಬರೆದರು. ಮುಲಾಮು ಒಂದು. ದಿನಕ್ಕೆ ಎರಡು ಸಲ.

ಏಳು ತಿಂಗಳಾದ ಮೇಲೆ ಬೆಳವಣಕಿಗೆ ಮತ್ತೆ ಹೋದೆ. ಅತ್ತೆಗೆ ಹುಷಾರಿರಲಿಲ್ಲ. ಈ ಜಗತ್ತಿನಲ್ಲಿ ನನ್ನ ಹುಬ್ಬು ಕಾಣದೇ ಇದ್ದವಳು ಅವಳೊಬ್ಬಳೇ, ಹಾಗಾಗಿ ಅಲ್ಲಿ ಎರಡು ದಿನ ಸುಖವಾಗಿದ್ದೆ. ಹೊರಟಾಗ ಅವಳು ಹಾಸಿಗೆಯಲ್ಲೇ ಎದ್ದು ಕುಳಿತು ಬಟ್ಟಲು ಕೇಳಿದಳು. ಹಣೆ ತಡವಿದಳು, ಟಿಕಳಿ ಕಿತ್ತಳು, ಕುಂಕುಮ ಹಚ್ಚಿದಳು.

ಬಸ್ಸಿನಲ್ಲಿ ಕುಳಿತು, ಮೂಗಿನ ಮೇಲೆ ಉದುರಿದ್ದನ್ನು ಒರೆಸಿಕೊಳ್ಳಲು ಫೋನಿನ ಕ್ಯಾಮೆರಾ ತೆರೆದೆ. ಮುಖ ನೋಡಿದೆ. ಹುಬ್ಬು ಎರಡೂ ಸರಿಯಾಗಿದ್ದವು. ಏಳು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನನಗೆ ನೆಟ್ಟಗೆ ಕಂಡಿತು. ಚಶ್ಮಾ ಒರೆಸಿ ಮತ್ತೆ ನೋಡಿದೆ. ಹುಬ್ಬು ಬದಲಾಗಿರಲಿಲ್ಲ. ಕುಂಕುಮ ಬಲಕ್ಕೆ ಸರಿದು ಕುಳಿತಿತ್ತು. ಆ ಕುಂಕುಮವನ್ನು ನಡು ಎಂದುಕೊಂಡರೆ ಹುಬ್ಬಿನಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆವತ್ತೂ ಅತ್ತೆಯ ಬೆರಳು ಇಲ್ಲೇ ಬಿದ್ದಿರಬೇಕು, ಗೆಳತಿ ನೂಲು ಹಿಡಿದದ್ದು ಅದಕ್ಕೇ. ಕುಂಕುಮದ ಮೇಲೆ ಬೆರಳಿಟ್ಟು ಮುಚ್ಚಿದರೆ ಎಡಹುಬ್ಬು ಮೇಲೇರುತ್ತಿತ್ತು. ಬೆರಳು ತೆಗೆದರೆ ಇಳಿಯುತ್ತಿತ್ತು. ರೋಣ ಬರುವವರೆಗೂ ಅದನ್ನೇ ಮಾಡುತ್ತ ಕುಳಿತೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮೊದಲು ಅತ್ತೆಯ ಮೇಲೆ ಸಿಟ್ಟು ಬಂತು. ಕಣ್ಣು ಕಾಣದ ಎಂಬತ್ತರ ಮುದುಕಿಯ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಸಾಧ್ಯ? ಒಂದು ಊರು ದಾಟುವಷ್ಟರಲ್ಲಿ ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಂಕುಮ ಒರೆಸಲು ಬಂದ ಕೈಯನ್ನು ತಡೆದವಳು ನಾನು. ಹಿರಿಯರು ಹಚ್ಚಿದ್ದು ಅಂದಿದ್ದೆ. ಆದರೆ ಅದೇ ದಿನ ಸಂಜೆ ಮನೆಗೆ ಬಂದು ಮುಖ ಉರಿಯುತ್ತದೆಂದು ನಾನೇ ಅದನ್ನು ನೀರು ಹಾಕಿ ತೊಳೆದುಕೊಂಡಿದ್ದೆ. ಆಗ ಹಿರಿಯರು ನೆನಪಾಗಿರಲಿಲ್ಲ. ಹುಬ್ಬಳ್ಳಿಯ ಯಾವಳೋ ಒಬ್ಬಳು ಹತ್ತಿ ತಂದಿದ್ದರೆ ಕಣ್ಣು ಮುಚ್ಚಿ ಹಣೆ ಕೊಡುತ್ತಿದ್ದೆ. ನಾನು ಹೆದರಿದ್ದು ಗಂಡ ಸತ್ತವಳ ಕೈ ನನ್ನ ಕುಂಕುಮ ಒರೆಸುತ್ತದೆ ಎಂದು. ಆ ಹೆದರಿಕೆ ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾಗಿತ್ತು. ಅದಕ್ಕೇ ಕೈ ಗಾಳಿಯಲ್ಲಿ ನಿಂತಿತ್ತು.

ನಾಚಿಕೆಯಾಯಿತು. ಗಜೇಂದ್ರಗಡದ ಬಸ್ಸು ಬಿಟ್ಟು ಪಾರ್ಲರಿನ ಕಡೆ ನಡೆದೆ.

ಪಾರ್ಲರಿನಲ್ಲಿ ಯಾರೂ ಇರಲಿಲ್ಲ. ಹೊರಗಿನ ಫಲಕದಲ್ಲಿ ಹುಬ್ಬಿನ ಚಿತ್ರವಿದ್ದ ಭಾಗಕ್ಕೆ ಕಾಗದ ಅಂಟಿಸಿದ್ದಳು. ಒಳಗೆ ಪ್ರಮಾಣಪತ್ರ ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಅವಳು ಸೀರೆಗೆ ಫಾಲ್ ಹಚ್ಚುತ್ತ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಬರ್ರಿ, ಕುಂದರ್ರಿ," ಅಂದಳು.

ನಲವತ್ತು ವರ್ಷ ನನ್ನ ಜೊತೆ ಏಕವಚನದಲ್ಲಿ ಜಗಳಾಡಿದವಳು. ಅವಳು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

"ತಪ್ಪಾತು ನಂದು," ಅಂದೆ. ಅವಳು ನನ್ನ ಮುಖ ನೋಡಿದಳು. ನನ್ನ ಮುಖ ನನ್ನ ಮಾತನ್ನೇ ನಂಬುತ್ತಿರಲಿಲ್ಲ. ಅದಕ್ಕೆ ಎಡಹುಬ್ಬಿನ ಮೇಲೆ ಅಂಗೈ ಮುಚ್ಚಿಕೊಂಡು ಎರಡನೆಯ ಸಲ ಹೇಳಿದೆ. ಕುಂಕುಮದ ಕಥೆ ಹೇಳಿದೆ. ಅತ್ತೆಯ ಬೆರಳು, ಬಸ್ಸು, ಫೋನು. "ನಿನ್ನ ಕೈ ತಡದಿದ್ದು ಅತ್ತಿ ಸಲುವಾಗಿ ಅಲ್ಲ. ನಿನಗ ಅವತ್ತ ಗೊತ್ತಾಗೈತಿ. ನನಗ ಇವತ್ತ ಗೊತ್ತಾತು," ಅಂದೆ.

ಅವಳು ಬಹಳ ಹೊತ್ತು ಫಾಲ್ ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಕುಂಕುಮ ಸೊಟ್ಟ ಇದ್ದಿದ್ದು ನನಗ ಕಾಣಬೇಕಿತ್ತು," ಅಂದಳು. "ನೂಲ ಹಿಡದಾಗ ಕಣ್ಣ ತುಂಬಿದ್ವು. ಗೆರಿ ಎರಡೆರಡ ಕಾಣಾಕತ್ತಿದ್ವು. ಮೊದಲನೇ ಗಿರಾಕಿ ಮುಂದ ಅಳಬಾರದು ಅಂತ ಲಗೂ ಮಾಡಿ ಮುಗಿಸಿದೆ. ಮತ್ತೊಮ್ಮಿ ಅಳದು ನೋಡಬೇಕಿತ್ತು. ತಪ್ಪ ನಂದೂ ಐತ್ರಿ."

"ರೀ ಅನಬ್ಯಾಡ," ಅಂದೆ.

"ರೂಢಿ ಆಗೇತ್ರಿ," ಅಂದಳು.

ಚಹಾ ಕೊಟ್ಟಳು. ಕುಡಿದು ಬಂದೆ. ತಪ್ಪಾಯಿತು ಅಂದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ತಿಳಿದಿದ್ದೆ. ಮಗ್ಗದಲ್ಲೂ ಕಡಿದ ಎಳೆಯನ್ನು ಗಂಟು ಹಾಕಿದ ಮೇಲೆ ಅದು ಹಣಿಗೆಯ ಹಲ್ಲುಗಳ ನಡುವೆ ಹಾಯುವಾಗ ಇನ್ನೊಮ್ಮೆ ಕಡಿಯುತ್ತದೆ ಎಂದು ಗೊತ್ತಿದ್ದೂ ಹಾಗೆ ತಿಳಿದಿದ್ದೆ.

ಆಮೇಲೆ ಪ್ರತಿ ಸಂತೆಯ ದಿನ ಸೆರಗಿಗೆ ಗೊಂಡೆ ಕಟ್ಟುವ ಸೀರೆಗಳನ್ನು ಚೀಲಕ್ಕೆ ಹಾಕಿಕೊಂಡು ರೋಣಕ್ಕೆ ಹೋಗತೊಡಗಿದೆ. ಪಾರ್ಲರಿನ ಬಾಗಿಲಲ್ಲಿ ಕುಳಿತು ಗೊಂಡೆ ಕಟ್ಟುವುದು, ಬಂದವರಿಗೆ ನನ್ನ ಮುಖ ತೋರಿಸುವುದು. "ಆ ಕಥಿಯಾಗಿನ ಹೆಂಗಸು ನಾನ. ಕಣ್ಣ ಎರಡೂ ಅದಾವು. ತಪ್ಪ ನಂದು. ಅಳತಿಗೆ ಅಡ್ಡ ಬಂದಾಕಿ ನಾನ," ಎಂದು ಹೇಳುವುದು. ಮೊದಲು ಯಾರೂ ನಂಬಲಿಲ್ಲ. ಹೇಳುವವಳೇ ನಂಬದ ಹಾಗೆ ಕಾಣುವಾಗ ಕೇಳುವವರು ಹೇಗೆ ನಂಬಬೇಕು? ಒಬ್ಬಳು ಗೆಳತಿಯನ್ನು ಪಕ್ಕಕ್ಕೆ ಕರೆದು, "ಈಕಿಗೆ ಎಷ್ಟ ಕೊಟ್ಟು ಕುಂದರಿಸೀರಿ?" ಎಂದು ಕೇಳಿದಳಂತೆ. ಅದನ್ನು ನನಗೆ ಹೇಳುವಾಗ ಗೆಳತಿ ನಕ್ಕಳು. ಏಳೆಂಟು ತಿಂಗಳ ಮೇಲೆ ಅವಳು ನಕ್ಕಿದ್ದು ನೋಡಿದೆ. ನಾನು ತಲೆ ತಗ್ಗಿಸಿ ಗೊಂಡೆ ಕಟ್ಟಿದೆ.

ಜನ ಮೆಲ್ಲಗೆ ಬಂದರು. ನೂಲಿನಿಂದ ಹುಬ್ಬು ತಿದ್ದಿಸಿಕೊಂಡರು, ತಲೆಗೆ ಮೆಹಂದಿ ಹಚ್ಚಿಸಿಕೊಂಡರು. ಸೂಜಿಯ ಪೆಟ್ಟಿಗೆಯನ್ನು ಮಾತ್ರ ಅವಳು ಮುಟ್ಟಲಿಲ್ಲ. ನನ್ನ ಹುಬ್ಬು ತಿದ್ದು ಎಂದರೆ, "ಕೈ ನಡಗತಾವ್ರಿ," ಅನ್ನುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಒಳಗೊಳಗೆ ನನಗೂ ಹೆದರಿಕೆಯಿತ್ತು. ಸುಳ್ಳು ಯಾಕೆ ಹೇಳಲಿ, ಅವಳು ಒಲ್ಲೆ ಅಂದಾಗಲೆಲ್ಲ ಒಂದು ವಾರ ದಾಟಿತು ಎಂದು ಸಮಾಧಾನವಾಗುತ್ತಿತ್ತು.

ಕಡೆಗೆ ಕೇಳಿದವಳು ಅವಳೇ. ವರ್ಷ ದಾಟಿ ಬಣ್ಣ ಮಾಸಿತ್ತು. ಹುಬ್ಬಳ್ಳಿಗೆ ಹೋಗಿ, ಕಲಿಸಿದವರ ಎದುರು ಎಂಟು ದಿನ ರಬ್ಬರಿನ ಹಾಳೆಯ ಮೇಲೆ ಬರೆದು ಬಂದಿದ್ದಳು. ಅದನ್ನು ನನಗೆ ಹೇಳಿರಲಿಲ್ಲ. ಸಂತೆಯ ದಿನ ನಾನು ಚೀಲ ಇಳಿಸುವಷ್ಟರಲ್ಲಿ ಬಾಗಿಲಿಗೆ ಪರದೆ ಎಳೆದು, "ಬರ್ರಿ. ಚಶ್ಮಾ ಕೈಯಾಗ ಇಟ್ಕೊಳ್ರಿ," ಅಂದಳು.

ಮಲಗಿದೆ. ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಹಣೆಯಲ್ಲಿ ಕುಂಕುಮವಿತ್ತು. ಅವಳು ಹತ್ತಿ ಅದ್ದಿ ತಂದು ನನ್ನ ಕೈಯಲ್ಲಿ ಇಟ್ಟಳು.

"ಒರಸ್ಕೊಳ್ರಿ," ಅಂದಳು.

"ನೀ ಒರಸು," ಅಂದೆ.

ಹೊರಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಹೆದರಿಕೆ ಆಗಲೂ ಇತ್ತು, ಪೂರ್ತಿ ಹೋಗಿರಲಿಲ್ಲ. ಇಷ್ಟು ವರ್ಷ ಕೂಡಿಸಿಟ್ಟದ್ದು ಒಂದು ಕ್ಷಮೆಗೆ ಹೋಗುವಂಥದ್ದಲ್ಲ. ಹೆದರಿಕೆ ಇಟ್ಟುಕೊಂಡೇ ಹಣೆ ಕೊಟ್ಟೆ. ತಣ್ಣನೆಯ ಹತ್ತಿ ನಡುಹಣೆಗೆ ತಾಗಿತು. ಮೆಲ್ಲಗೆ, ಎರಡು ಸಲ, ಒರೆಸಿದಳು.

ಆಮೇಲೆ ನೂಲಿನಿಂದ ನಾಲ್ಕು ಸಲ ಅಳೆದಳು. ಮೂಗಿನಿಂದ, ತುಟಿಯಿಂದ, ಗದ್ದದಿಂದ, ಎರಡೂ ಕಣ್ಣಿನ ಮೂಲೆಯಿಂದ. ಬರೆದು, ಕನ್ನಡಿ ಕೊಟ್ಟು, ಚಶ್ಮಾವನ್ನು ತಾನೇ ನನ್ನ ಮೂಗಿನ ಮೇಲೆ ಏರಿಸಿದಳು. ನಾನು ಸೀರೆ ನೋಡುವ ಹಾಗೆ ನೋಡಿದೆ. ಬಲಗಡೆಯ ತುದಿ ಒಂದು ಎಳೆ ಉದ್ದವಾಯಿತು ಎಂದೆ. ಅಳಿಸಿ ಸರಿಮಾಡಿದಳು. ಆಮೇಲೆ ಸೂಜಿ. ಎರಡು ತಾಸು ಹಿಡಿಯಿತು. ಅವಳ ಕೈ ನಡುಗಲಿಲ್ಲ.

ನಾನು ಎದ್ದು ಕುಳಿತು ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ. "ಬರಿ ಹಣಿಯಾ‌ಗ ಕಳಸ್ತಿ ಏನು?"

ಅವಳು ಹಿಂದೆ ಸರಿದಳು. "ಹುಚ್ಚು ಹಿಡದೈತೇನು ನಿನಗ? ನಾಳೆ ನಿನ್ನ ಗಂಡಗ ಏನರ ಆದ್ರ? ಊರ ಮಂದಿ ಬ್ಯಾಡ, ನೀನ ನನ್ನ ಬಿಡಂಗಿಲ್ಲ."

"ಅವರಿಗೆ ಬಿಪಿ ಐತಿ, ಶುಗರ್ ಐತಿ, ದಿನಾ ನಾಕು ಮಿರ್ಚಿ ಬೇಕು. ಅವರಿಗೆ ಏನರ ಆದ್ರ ಮಿರ್ಚಿಯಿಂದ ಆಗತೈತಿ. ಕೇಳೇ ಬಂದೀನಿ."

"ಏನಂದ್ರು?"

"'ಸೊಟ್ಟ ಹಚ್ಚಿಸ್ಕೊಂಡ ಬರಬ್ಯಾಡ' ಅಂದ್ರು."

ಅವಳು ನಕ್ಕಳೋ ಅತ್ತಳೋ ನನಗೆ ಸರಿಯಾಗಿ ತಿಳಿಯಲಿಲ್ಲ; ನನಗೂ ಕಣ್ಣು ತುಂಬಿದ್ದವು. ಏಳು ವರ್ಷದ ಮೇಲೆ ಅವಳ ಬೆರಳು ಕುಂಕುಮದ ಡಬ್ಬಿಗೆ ಇಳಿಯಿತು. ತೆಗೆದಾಗ ಉಗುರಿನವರೆಗೂ ಕೆಂಪಾಗಿತ್ತು. ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದು, ಉಸಿರು ಬಿಗಿಹಿಡಿದು ಹಣೆಗೆ ಒತ್ತಿದಳು. ಬೆರಳು ಜೋರಾಗಿ ನಡುಗುತ್ತಿತ್ತು.

ಕನ್ನಡಿ ನೋಡಿದೆ. ಬಾವಿನ ಕೆಳಗೂ ಹುಬ್ಬು ಎರಡೂ ಸಮವಾಗಿದ್ದವು. ಕುಂಕುಮ ಜೋಳದ ಕಾಳಿನಷ್ಟು ಬಲಕ್ಕೆ ಕುಳಿತಿತ್ತು.

"ಅಯ್ಯ, ಸೊಟ್ಟ ಆತಲ್ಲ, ತಡಿ, ಒರಸಿ ಮತ್ತ ಹಚ್ತೀನಿ," ಎಂದು ಅವಳು ಹತ್ತಿ ತೆಗೆದುಕೊಂಡು ಕೈ ಚಾಚಿದಳು.

ನಾನು ಅವಳ ಮಣಿಕಟ್ಟು ಹಿಡಿದೆ.

"ಅದನ್ನ ಮುಟ್ಟಬ್ಯಾಡ," ಅಂದೆ. "ನೀ ಹಚ್ಚಿದ್ದೈತಿ."

ಐದು ಗಂಟೆಯ ಬಸ್ಸಿಗೆ ಅವಳೇ ಬಂದು ಹತ್ತಿಸಿದಳು. ಗಜೇಂದ್ರಗಡ ಮುಟ್ಟುವವರೆಗೂ ಸೆರಗನ್ನು ಹಣೆಗೆ ಎಳೆಯದೆ ಭುಜದ ಮೇಲೆಯೇ ಇಟ್ಟುಕೊಂಡು ಕುಳಿತಿದ್ದೆ.